ಅಂಬಮ್ಮನ ಕಳ್ಳಗಂಡಿ

ಅಂಬಮ್ಮನಿಗೆ ಜೀಪು ಕಂಡರೆ ಸಿಟ್ಟು ಬರುತ್ತಿದ್ದದ್ದು ಸುಮ್ಮನೆ ಅಲ್ಲ. ಹಾರೋಹಳ್ಳಿಯಾಚೆ ಅವಳ ಮಾವನ ಕಾಲದಿಂದಲೂ ಕುರಿ ಮೇಯುತ್ತಿದ್ದ ಗುಡ್ಡಕ್ಕೆ ಬೆಂಗಳೂರಿನವರು ಯಾರೋ ಬಂದು ಮುಳ್ಳುತಂತಿ ಎಳೆದಿದ್ದರು. ಭಾನುವಾರ ಬಂತೆಂದರೆ ದೊಡ್ಡ ದೊಡ್ಡ ಜೀಪು ತಂದು ಬಂಡೆ ಹತ್ತಿಸುವುದು, ಕೆಸರಿಗಿಳಿಸುವುದು. ಡಾಂಬರು ರಸ್ತೆ ಇರುವಾಗ ಬಂಡೆ ಹತ್ತುವ ಬುದ್ಧಿ ಇವರಿಗೆ ಯಾವ ದೇವರು ಕೊಟ್ಟನೋ! ತಮಾಷೆಯೆಂದರೆ ಅವಳ ಮಗ ಬೀರೇಶನಿಗೆ ಅಲ್ಲೇ ಕೆಲಸ. ಕಿತ್ತಳೆ ಕೋಟು ತೊಟ್ಟು, ಬಾವುಟ ಹಿಡಿದು ಜೀಪುಗಳಿಗೆ ದಾರಿ ತೋರಿಸುತ್ತಿದ್ದ. ಬೇಲಿ ಕಾಯುವುದೂ ಅವನದೇ.

ಅಂಬಮ್ಮ ಯಾರ ಹತ್ತಿರವೂ ಜಗಳಕ್ಕೆ ಹೋಗಲಿಲ್ಲ. ಒಂದು ದಿನ ಇಕ್ಕಳ ಒಯ್ದು, ರಸ್ತೆ ಪಕ್ಕದ ಹುಣಸೆಮರದ ಬುಡದಲ್ಲಿ ಕೆಳಗಿನ ಮೂರು ತಂತಿ ತುಂಡು ಮಾಡಿದಳು. ಕುರಿ ಒಳಗೆ ನುಗ್ಗಿಸಿ, ಗಂಡಿಗೆ ಜಾಲಿಮುಳ್ಳು ಎಳೆದು ಮುಚ್ಚಿದಳು. ಕುರಿ ಕಾಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಳಗೆ ಹಿಕ್ಕೆ ಕಂಡ ಮ್ಯಾನೇಜರ್ ನಟರಾಜು ರೇಗಿದ. "ಬೇಲಿ ಕುಯ್ದೋರು ಸಿಗ್ಲಿಲ್ಲ ಅಂದ್ರೆ ನಿನ್ ಕೆಲ್ಸ ಹೋಯ್ತು ಅಂದ್ಕೊ" ಎಂದು ಬೀರೇಶನಿಗೆ ಗದರಿದ. ಮಗ ಮನೆಯಲ್ಲಿ ಈ ಮಾತು ತೆಗೆದರೆ ಅಂಬಮ್ಮ ಕೇಳಿಸದವಳಂತೆ ಮುದ್ದೆ ತೊಳಸುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಪೈಕಿ ಅಲ್ಲ ಅವಳು.

ಎರಡು ಸಾವಿರದ ಒಂಬತ್ತರ ಶ್ರಾವಣದಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಬಂಡೆ ಹತ್ತುತ್ತಿದ್ದ ಜೀಪು ಹಿಂದಕ್ಕೆ ಜಾರಿ ಬೀರೇಶನ ತೊಡೆಯ ಮೇಲೆ ಮಗುಚಿತು. ಪಕ್ಕದ ಹಳ್ಳದಲ್ಲಿ ಕದ್ದು ಕುರಿ ಮೇಯಿಸುತ್ತಿದ್ದ ಅಂಬಮ್ಮ ಚೀತ್ಕಾರ ಕೇಳಿ ಓಡಿ ಬಂದಳು. ಜನ ಸೇರಿ ಜೀಪು ಎತ್ತಿದ್ದರು. ಯಾರೋ ಬೆಲ್ಟು ಬಿಗಿದು ಕಟ್ಟಿದ್ದರೂ ರಕ್ತ ಪೂರಾ ನಿಂತಿರಲಿಲ್ಲ. ಹೋದ ವರ್ಷವಷ್ಟೇ ಶುರುವಾಗಿದ್ದ ನೂರಾ ಎಂಟಕ್ಕೆ ನಟರಾಜು ಫೋನು ಮಾಡಿದ್ದ. ಜೀಪಿನಲ್ಲಿ ಕುಲುಕಿಸಿಕೊಂಡು ತರಬೇಡಿ, ನಾವೇ ಬರುತ್ತೇವೆ ಎಂದಿದ್ದರು ಅವರು.

ಬಂತು, ನಿಜ. ಆದರೆ ಸೈರನ್ನು ಹುಣಸೆಮರ ದಾಟಿಕೊಂಡು ದೊಡ್ಡ ಗೇಟಿನ ಕಡೆಗೇ ಹೋಯಿತು. ಗೇಟಿನಿಂದ ಇಲ್ಲಿಗೆ ಮೂರು ಕಿಲೋಮೀಟರು ಬರೀ ಕಲ್ಲು, ಕೆಸರು. ಅಂಬುಲೆನ್ಸು ಹತ್ತುವ ದಾರಿಯೇ ಅಲ್ಲ.

ಅಂಬಮ್ಮ ಮಗನ ಮುಖ ನೋಡಿದಳು. ತುಟಿ ಬೆಳ್ಳಗಾಗಿತ್ತು. ಬಾಯಿ ಬಿಟ್ಟರೆ, ಬೇಲಿ ಕಾಯುವವನ ಅವ್ವನೇ ಬೇಲಿ ಕುಯ್ದವಳೆಂದು ಮಗನ ಕೆಲಸ ಹೋಗುತ್ತದೆ, ಬಿಡದಿದ್ದರೆ ಮಗನೇ.

"ಸ್ವಾಮಿ, ಗಾಡಿ ತಿರುಗ್ಸಕ್ಕೇಳಿ. ಹುಣಸೆಮರದ ತಾವ ನಿಲ್ಲಿಸ್ಲಿ. ಇಲ್ಲಿಂದ ಕೂಗಳತೆ."

"ಅಲ್ಲಿ ಬೇಲಿ ಐತಲ್ಲಮ್ಮ?"

"ಇಲ್ಲ. ಅಲ್ಲೊಂದು ಗಂಡಿ ಐತೆ. ನಾನೇ ಕುಯ್ದಿದ್ದು."

ನಟರಾಜು ಅವಳನ್ನೇ ದಿಟ್ಟಿಸಿದ. ಆಮೇಲೆ ಫೋನು ಕಿವಿಗಿಟ್ಟ.

ಅಂಬಮ್ಮನ ಕಂಬಳಿಯಲ್ಲಿ ಬೀರೇಶನನ್ನು ಮಲಗಿಸಿ ನಾಲ್ವರು ಎತ್ತಿದರು. ಅವಳು ಮುಂದೆ ಓಡಿ ಬರಿಗೈಯಲ್ಲೇ ಮುಳ್ಳು ಕಿತ್ತೆಸೆದಳು. ತಿರುಗಿ ಬಂದಿದ್ದ ಅಂಬುಲೆನ್ಸಿನ ಡ್ರೈವರ್ ಹಬೀಬ್ ಆಚೆಯಿಂದ ಸ್ಟ್ರೆಚರು ಚಾಚಿದ. "ಗೇಟಿಂದ ನಡ್ಕೊಂಡು ಬಂದಿದ್ರೆ ಮುಕ್ಕಾಲು ಗಂಟೆ ಆಗೋದಮ್ಮ" ಎಂದ.

ಸಂಜೆ ಕನಕಪುರದ ಆಸ್ಪತ್ರೆಯಲ್ಲಿ ಡಾಕ್ಟರು ಜೀವಕ್ಕೇನೂ ಭಯವಿಲ್ಲ, ಕಾಲೂ ಉಳಿಯುತ್ತದೆ ಎಂದಾಗ ಅಂಬಮ್ಮನಿಗೆ ಹೋದ ಜೀವ ಬಂದಂತಾಯಿತು. ಮೋಸಂಬಿ ಹಿಡಿದು ಬಂದ ನಟರಾಜು ನೆಲ ನೋಡುತ್ತಾ ಹೇಳಿದ: "ಆ ಜಾಗದಲ್ಲಿ ಒಂದು ಗೇಟೇ ಇಡಿಸ್ತೀನಿ. ಬೀಗದ ಕೈ ನಿಮ್ಮತ್ರಾನೇ ಇರ್ಲಿ ಅಂಬಮ್ಮ. ಕುರಿ ಮಾತ್ರ ಒಸಿ ನೋಡ್ಕೊಂಡು ಬುಡಿ."

ಅವನು ಹೋದ ಮೇಲೆ ಅಂಬಮ್ಮ ಮಗನ ಪಕ್ಕ ಕೂತಳು. "ನಿಂಗೆ ಹೇಳ್ದೆ ಮುಚ್ಚಿಟ್ಬುಟ್ಟೆ ಕಣ್ಲಾ ಮಗ."

"ನಂಗೊತ್ತಿತ್ತು ಕಣವ್ವ. ನೀನು ಮುಳ್ಳು ಸರ್ಯಾಗಿ ಮುಚ್ತಾನೇ ಇರ್ಲಿಲ್ಲ. ದಿನಾ ಸಂಜೆ ನಾನೇ ಹೋಗಿ ಎಳ್ದಾಕಿ ಬತ್ತಿದ್ದೆ."

"ಬೇಲೀನೇ ಎದ್ದು ಹೊಲ ಮೇಯ್ತಿತ್ತು ಅನ್ನು" ಎಂದು ನಗಲು ಹೋದ ಅಂಬಮ್ಮ, ಮಧ್ಯಾಹ್ನದಿಂದ ಅಳದವಳು, ಮಗನ ಕೈ ಹಿಡಿದು ಮನಸಾರೆ ಅತ್ತಳು.