ಬೀಗರ ಪಂಕ್ತಿ ಮತ್ತು ಬೆರೆಸಿ ಕೊಟ್ಟ ಔಷಧಿ

ಅಡುಗೆಯವನ ಹೊಟ್ಟೆಯೇ ಅವನ ಜಾಹೀರಾತು ಎಂದು ನಂಬಿ ಇಷ್ಟು ವರ್ಷ ಬದುಕಿದವನು ನಾನು. ಸಾಗರ ಸೀಮೆಯಲ್ಲಿ ನನ್ನ ಹೊಟ್ಟೆ ನೋಡಿಯೇ ಮದುವೆ ಅಡುಗೆ ಒಪ್ಪಿಸಿದವರಿದ್ದಾರೆ. ಮೊಣಕಾಲು ಮಾತ್ರ ಈ ಜಾಹೀರಾತನ್ನು ಒಪ್ಪಲಿಲ್ಲ. ನೆಲದ ಮೇಲೆ ಕಾಲು ಮಡಚಿ ಕೂರಲಾಗದೆ ವರ್ಷಗಳೇ ಆಗಿದ್ದವು. ಊರಿಗೆಲ್ಲ ಪಂಕ್ತಿ ಹಾಕಿಸಿದವನಿಗೆ ಪಂಕ್ತಿಯಲ್ಲಿ ಜಾಗವಿಲ್ಲ! ಮಗಳ ಮದುವೆ ನಿಶ್ಚಯವಾದಾಗ ಒಂದೇ ಆಸೆ ಹುಟ್ಟಿತು. ಹೊಸನಗರದ ಬೀಗರ ಮನೆಯಲ್ಲಿ, ಬೀಗರ ಪಕ್ಕದಲ್ಲಿ ನೆಲಕ್ಕೆ ಕೂತು ಬಾಳೆಲೆಯಲ್ಲಿ ಉಣ್ಣಬೇಕು.

ಡಾಕ್ಟರು ತೂಕ ಇಳಿಸುವ ಇಂಜೆಕ್ಷನ್ ಬರೆದುಕೊಟ್ಟರು. ಪೆನ್ನಿನ ಆಕಾರದಲ್ಲಿ ಬರುವ ಕಂಪನಿ ಇಂಜೆಕ್ಷನ್ನಿನ ಬೆಲೆ ಕೇಳಿಯೇ ನಾನು ಅರ್ಧ ಇಳಿದೆ. ಆಗ ಪರಿಚಯದ ಔಷಧಿ ಅಂಗಡಿಯವರು, "ಅದೇ ಔಷಧಿನ ತಾವೇ ಬೆರೆಸಿ ಕೊಡೋರು ಇದಾರೆ ಭಟ್ರೇ. ಸಣ್ಣ ಶೀಶೇಲಿ ಬರುತ್ತೆ, ಭಾಳ ಅಗ್ಗ," ಎಂದರು. ಬೆರೆಸಿ ಕೊಡುವವರು ಎಂದ ಕೂಡಲೇ ನನಗೆ ಭರವಸೆ ಬಂತು. ನಾನೂ ಕೈ ಅಳತೆಯಲ್ಲಿ ಬೆರೆಸಿಯೇ ಹೆಸರು ಮಾಡಿದವನಲ್ಲವೇ?

ಥರ್ಮೋಕೋಲ್ ಪೆಟ್ಟಿಗೆ ಬಸ್ಸಿನಲ್ಲಿ ಬಂತು. ಒಳಗೆ ಕರಗಿದ ಐಸು, ಕಿರುಬೆರಳಿನಷ್ಟು ಶೀಶೆ. ಅದರ ಮೇಲೆ ತಯಾರಿಸಿದವರ ಹೆಸರೂ ಇಲ್ಲ, ತಾರೀಖೂ ಇಲ್ಲ. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟು ವಾರಕ್ಕೊಮ್ಮೆ ಚುಚ್ಚಿಕೊಂಡೆ. ಹಸಿವು ಹೇಳದೆ ಕೇಳದೆ ಹೊರಟುಹೋಯಿತು. ಮದುವೆಯ ಹೊತ್ತಿಗೆ ಸೊಂಟದಲ್ಲಿ ಪಂಚೆ ನಿಲ್ಲುತ್ತಿರಲಿಲ್ಲ, ಆದರೆ ಕಾಲು ಮಡಚುತ್ತಿತ್ತು. ಗಿರಾಕಿಗಳು ಮಾತ್ರ "ಭಟ್ರಿಗೆ ಹುಷಾರಿಲ್ವಂತೆ" ಎಂದು ಬೇರೆಯವರನ್ನು ಹುಡುಕಿಕೊಂಡರು.

ಬೀಗರ ಮನೆ ಊಟದ ಹಿಂದಿನ ದಿನ ಹೊಸ ಶೀಶೆ ತೆರೆದು ಚುಚ್ಚಿಕೊಂಡೆ. ಮರುದಿನ ಯಾರ ಕೈಯನ್ನೂ ಹಿಡಿಯದೆ ಪಂಕ್ತಿಯಲ್ಲಿ ಕೂತೆ. ಹೆಮ್ಮೆಯಿಂದ ಅಕ್ಕಪಕ್ಕ ನೋಡಿದೆ. ಅಷ್ಟರಲ್ಲಿ ತುಪ್ಪದ ಪರಿಮಳ ಬಂತು, ಹೊಟ್ಟೆ ತೊಳಸಿತು. ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ.

ನಮ್ಮಲ್ಲಿ ಪಂಕ್ತಿಯ ಎಲ್ಲರ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಅದೂ ಹೋಗಲಿ, ಹೆಸರಾದ ಅಡುಗೆಯವನೇ ಎಲೆ ಮುಟ್ಟದಿದ್ದರೆ ಉಳಿದವರು ಏನೆಂದುಕೊಳ್ಳಬೇಕು? ಎದುರಿಗಿದ್ದ ಹಿರಿಯರೊಬ್ಬರು ಸಾರನ್ನು ಮೂಸಿ ನೋಡಿದರು. ಅವರ ಪಕ್ಕದವರು ಪಲ್ಯವನ್ನು ಮೆಲ್ಲಗೆ ಬದಿಗೆ ಸರಿಸಿದರು. ಬೀಗರ ಮುಖ ಕಪ್ಪಿಟ್ಟಿತು.

"ಎಂತ ಬೀಗ್ರೇ, ಅಡುಗೆ ಸರಿ ಆಯ್ದಿಲ್ಯಾ?"

ಮಗಳು ಬಾಳಬೇಕಾದ ಮನೆ ಅದು. ನನ್ನಿಂದ ಅಲ್ಲಿ ಅವಳು ತಲೆ ತಗ್ಗಿಸುವಂತಾಗುತ್ತದೆ ಎಂದು ನಿಜಕ್ಕೂ ಹೆದರಿದೆ.

ಆಗ ಅವಳೇ ಪಾಯಸದ ಪಾತ್ರೆ ಹಿಡಿದು ಬಂದಳು. ಬಗ್ಗಿ ಬಡಿಸುತ್ತ, "ಅಪ್ಪಯ್ಯ, ಪಾಯ್ಸ ಆನೇ ಮಾಡಿದ್ದು," ಎಂದಳು.

ಮಗಳೇ ಮಾಡಿದ ಪಾಯಸವನ್ನು ಉಸಿರು ಬಿಗಿಹಿಡಿದು, ಕಷಾಯ ಕುಡಿಯುವ ಹಾಗೆ ಕುಡಿದುಬಿಟ್ಟೆ. "ಇನ್ನೊಂದ್ ಸೌಟು ಬಡ್ಸು," ಎಂದೂ ಹೇಳಿದೆ. ಪಂಕ್ತಿಗೆ ಜೀವ ಬಂತು, ಎಲ್ಲರೂ ಉಣ್ಣತೊಡಗಿದರು. ಊಟ ಮುಗಿದ ಮೇಲೆ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅಷ್ಟನ್ನೂ ಕಾರಿಕೊಂಡೆ.

ಊರಿಗೆ ಮರಳಿ ಫೋನ್ ಮಾಡಿ ಕೇಳಿದರೆ ಔಷಧಿ ಅಂಗಡಿಯವರು ನಕ್ಕರು. "ಈ ಸಲ ಒಂಚೂರು ಸ್ಟ್ರಾಂಗ್ ಬೆರೆಸಿರ್ಬೇಕು ಭಟ್ರೇ." ಅವರದ್ದೂ ಕೈ ಅಳತೆಯೇ! ಶೀಶೆ ಎಸೆದೆ. ಹಸಿವು, ಹೊಟ್ಟೆ, ಗಿರಾಕಿಗಳು, ಮೊಣಕಾಲು ನೋವು, ಎಲ್ಲವೂ ಒಂದೊಂದಾಗಿ ವಾಪಸು ಬಂದವು.

ಅವತ್ತು ಬೀಗರ ಮನೆಯಿಂದ ನಾವು ಹೊರಟಾಗ ಮಗಳು ಅಂಗಳದವರೆಗೆ ಬಂದು ಕೇಳಿದ್ದಳು, "ಬೆಲ್ಲ ಸರಿ ಇತ್ತಾ ಅಪ್ಪಯ್ಯ?"

"ಚೊಲೋ ಆಗಿತ್ತು," ಎಂದಿದ್ದೆ. ಗಂಡನ ಮನೆಯಲ್ಲಿ ಅವಳು ಮಾಡಿದ ಮೊದಲ ಪಾಯಸವನ್ನು ಎರಡು ಸೌಟು ಕುಡಿದಿದ್ದೇನೆ. ಅದರ ರುಚಿ ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.