ಪೂಜೆಯಾದ ವಿಮಾನ

ಕಳೆದ ದಸರೆಗೆ ವಿಮಾನ ತರಬೇತಿ ಸಂಸ್ಥೆಯಲ್ಲಿ ಒಂದು ವಿಮಾನದ ಮೂತಿಗೆ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿದ್ದರು. ಅಲ್ಲಿ ಪೈಲಟ್ ಆಗಲು ಕಲಿಯುತ್ತಿದ್ದ ನನ್ನ ತಂಗಿ ನಗುತ್ತ ಹೇಳಿದ್ದಳು: "'ಎಂಜಿನ್ ನಡಗತೈತ್ರಿ' ಅಂದ್ರ, 'ಪೂಜಾ ಆಗೇತಿ, ಸುಮ್ನ ಹತ್ತು' ಅಂತಾರ."

ಮುಂದಿನ ತಿಂಗಳು ಅದೇ ವಿಮಾನ ಪಾರಿಶ್ವಾಡದ ಕಬ್ಬಿನ ಹೊಲದಲ್ಲಿ ಬಿತ್ತು. ತಂಗಿ ಉಳಿಯಲಿಲ್ಲ.

ಶಿವಬಸವ ನಗರದ ನಮ್ಮ ಮನೆಗೆ ತರಬೇತಿ ಸಂಸ್ಥೆಯ ಮುಖ್ಯಸ್ಥ ಬಂದು, "ಎಲ್ಲಾ ದೇವರ ಇಚ್ಛಾರೀ" ಎಂದ.

ಅವ್ವ ಕೇಳಿದಳು: "ಎಂಜಿನ್ ಬಿಚ್ಚಿ ನೋಡೂದೂ ದೇವರ ಕೆಲಸ ಏನ್ರಿ?"

ನಾವು ಕೊಟ್ಟ ನೀರನ್ನು ಗಟಗಟ ಕುಡಿದು ಅವನು ಎದ್ದುಹೋದ.

ಈ ದಸರೆಗೂ ಉಳಿದ ವಿಮಾನಗಳಿಗೆ ಭರ್ಜರಿ ಪೂಜೆ ನಡೆಯಿತು. ಒಂದು ಹಾರ ಮಿಕ್ಕಿತೆಂದು ತಂಗಿಯ ಫೋಟೋಕ್ಕೆ ಕಳಿಸಿಕೊಟ್ಟರು.