ಪೀಸಾದ ಗೋಪುರವೂ ನಮ್ಮಪ್ಪನ ಗೋಪುರವೂ

ನವಲಗುಂದದ ಕಡೆಯ ಕಪ್ಪು ಯರಿ ಮಣ್ಣನ್ನು ನಂಬಿ ಎತ್ತರದ್ದೇನನ್ನೂ ಕಟ್ಟಬಾರದು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಇದೆಲ್ಲ ಗೊತ್ತಿದ್ದೂ ನಮ್ಮೂರಿನವರು ಹೈಸ್ಕೂಲಿನ ಅಂಗಳದಲ್ಲಿ ಇಪ್ಪತ್ತು ಅಡಿಯ ಗಂಟೆಗೋಪುರವೊಂದನ್ನು ನಮ್ಮಪ್ಪನಿಂದ ಕಟ್ಟಿಸಿದರು. ಅಪ್ಪ ಗೌಂಡಿ, ಗಾರೆ ಕೆಲಸದವನು. ಬುನಾದಿ ಇನ್ನೂ ಆಳಕ್ಕೆ ಹೋಗಲಿ ಎಂದು ಅವನು ಗೋಗರೆದದ್ದು ಯಾರ ಕಿವಿಗೂ ಬೀಳಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಗೋಪುರ ಪೂರ್ವಕ್ಕೆ ವಾಲಿತು. ಬೈಗುಳ ಮಾತ್ರ ನೆಟ್ಟಗೆ ಅಪ್ಪನ ಮೇಲೆ ಬಂತು.

ಊರು ಅವನನ್ನು ಸೊಟ್ಟ ಗೌಂಡಿ ಎಂದು ಕರೆಯತೊಡಗಿತು. ಮನೆ ಕಟ್ಟಿಸುವವರು ಅಣ್ಣಿಗೇರಿಯಿಂದ ಬೇರೆ ಗೌಂಡಿಯನ್ನು ಕರೆಸಿದರು. ಗೋಪುರದ ಬುಡದಲ್ಲಿ, ಹಸಿ ಗಾರೆಯ ಮೇಲೆ ಮೊಳೆಯಿಂದ ಬರೆದಿದ್ದ ತನ್ನ ಹೆಸರನ್ನು ಅಪ್ಪ ಒಂದು ದಿನ ತಾನೇ ಉಳಿ ಹಿಡಿದು ಕೆತ್ತಿ ಅಳಿಸಿ ಹಾಕಿದ. ನಾನಾಗ ಒಂಬತ್ತನೆಯ ಇಯತ್ತೆಯಲ್ಲಿದ್ದೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸೊಟ್ಟ ಗೌಂಡಿಯ ಮಗಳು ಎಂದ ಇಬ್ಬರ ಜಡೆ ಜಗ್ಗಿ ಹೆಡ್‌ಮಾಸ್ತರರಿಂದ ಛಡಿ ಏಟು ತಿಂದಿದ್ದೆ. ಅಷ್ಟರಲ್ಲಿ ಪಂಚಾಯ್ತಿ ಚೇರಮನ್ನರು, ಬರುವ ಸೋಮವಾರ ಗೋಪುರ ಕೆಡವುವುದೆಂದು ಡಂಗುರ ಸಾರಿಸಿದರು.

ಅದೇ ವಾರ ವಿಜ್ಞಾನದ ಅಕ್ಕೋರು ದಪ್ಪ ಪುಸ್ತಕವೊಂದನ್ನು ತರಗತಿಗೆ ತಂದರು. ಒಳಗೆ ಇಟಲಿಯ ಚಿತ್ರಗಳು. ರೋಮಿನ ಮುರುಕು ದುಂಡು ಅಖಾಡ, ನೀರಿನ ಮೇಲೆ ನಿಂತ ಊರು. ಪುಟ ತಿರುವಿದರೆ ಪೀಸಾ. ಬಿಳಿ ಕಲ್ಲಿನ ಎಂಟು ಅಂತಸ್ತಿನ ಗೋಪುರ, ನಮ್ಮದಕ್ಕಿಂತ ಅಗದಿ ಸೊಟ್ಟ.

“ಇದೂ ಗಂಟಿ ಗೋಪುರನ. ಸುಮಾರು ಎಂಟುನೂರು ವರ್ಷದ್ದು,” ಎಂದರು ಅಕ್ಕೋರು. “ಕೆಳಗ ಮೆತ್ತಗಿನ ಮಣ್ಣು. ಮೂರನೇ ಅಂತಸ್ತು ಏರಿಸೂದ್ರಾಗ ವಾಲ್ತು. ದೇಶದೇಶದವರು ಬಂದು ಹತ್ತಿ ನೋಡ್ತಾರ.”

ನನಗೆ ನಗು ಶುರುವಾಯಿತು. ಬಾಯಿಗೆ ಲಂಗದ ತುದಿ ತುರುಕಿದರೂ ನಿಲ್ಲಲಿಲ್ಲ. ಎದ್ದು ನಿಂತು, “ಅಕ್ಕೋರ, ಅದನ್ನ ಯಾಕ ಕೆಡವಿಲ್ರಿ?” ಎಂದೆ. ಇಡೀ ತರಗತಿ ಕಿಟಕಿಯ ಕಡೆ ತಿರುಗಿ ನಮ್ಮ ಗೋಪುರ ನೋಡಿತು.

ಅಕ್ಕೋರೂ ನೋಡಿದರು. ಇಟಲಿಯ ವಿಜ್ಞಾನಿಯೊಬ್ಬ ಆ ಗೋಪುರದ ತುದಿಯಿಂದ ಭಾರದ ಗುಂಡನ್ನೂ ಹಗುರ ಗುಂಡನ್ನೂ ಒಟ್ಟಿಗೆ ಬಿಟ್ಟನಂತೆ, ಎರಡೂ ಕೂಡಿಯೇ ನೆಲ ಮುಟ್ಟಿದವಂತೆ. ನಿಜವೋ ಕತೆಯೋ, ಮಾಡಿ ನೋಡೋಣ ಎಂದರು. ವಾಲಿದ ಗೋಪುರವೇ ಇದಕ್ಕೆ ಚಲೋ, ಬಿಟ್ಟದ್ದು ಗೋಡೆಗೆ ಬಡಿಯದೆ ಸೀದಾ ಬೀಳುತ್ತದೆ ಎಂದೂ ಹೇಳಿದರು. ವಾಲಿದ್ದಕ್ಕೆ ಚಲೋ ಎನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಅರ್ಧ ಊರು ಶಾಲೆಯ ಅಂಗಳದಲ್ಲಿತ್ತು. ಒಳಗಿನ ಏಣಿ ಹತ್ತಿ ಮೇಲೆ ಹೋದವಳು ನಾನೇ. ಒಂದು ಕಂಕುಳಲ್ಲಿ ಕುಂಬಳಕಾಯಿ, ಬಾಯಲ್ಲಿ ಕಚ್ಚಿ ಹಿಡಿದ ಉಳ್ಳಾಗಡ್ಡಿ. ಮೇಲಿಂದ ಬಗ್ಗಿದರೆ ನೆಲ ತಿರುಗಿತು, ಚೇರಮನ್ನರ ರುಮಾಲು ತಿರುಗಿತು, ನನಗೆ ಮತ್ತೆ ನಗು. ಕುಂಬಳಕಾಯಿಯೇ ಮೊದಲು ಬೀಳುತ್ತದೆ ಎಂದು ಚೇರಮನ್ನರು ಮೀಸೆ ತಿರುವಿದ್ದರು.

ಎರಡನ್ನೂ ಒಟ್ಟಿಗೆ ಬಿಟ್ಟೆ. ಒಂದೇ ಸಪ್ಪಳ. ಕುಂಬಳಕಾಯಿ ಸಿಡಿದು ಮುಂದಿನ ಸಾಲಿನವರ ಧೋತರವೆಲ್ಲ ಹಳದಿ.

“ಹುಡುಗಿ ಏನರೆ ಕಿತಾಪತಿ ಮಾಡ್ಯಾಳು,” ಎಂದು ಚೇರಮನ್ನರು ತಾವೇ ಏಣಿ ಹತ್ತಿದರು. ಒಂದು ಕಂಕುಳಲ್ಲಿ ಇಟ್ಟಿಗೆ, ಇನ್ನೊಂದರಲ್ಲಿ ತಮ್ಮದೇ ಕೆರ. ಅವರಿಗೂ ತಲೆ ತಿರುಗಿತೇನೋ, ಗಂಟೆಯ ಹಗ್ಗ ಹಿಡಿದುಬಿಟ್ಟರು. ಢಣ್ ಎಂದಿತು. ಶಾಲೆ ಬಿಟ್ಟಿತೆಂದು ಬಾಜೂಕಿನ ಕನ್ನಡ ಶಾಲೆಯ ಚಿಕ್ಕ ಮಕ್ಕಳು ಪಾಟಿಚೀಲ ಎತ್ತಿಕೊಂಡು ಮನೆಗೆ ಓಡಿದರು. ಇಟ್ಟಿಗೆಯೂ ಕೆರವೂ ಕೂಡಿಯೇ ಬಿದ್ದವು. ಆಮೇಲೆ ಹಿರಿಯರೆಲ್ಲ ಸಾಲುಗಟ್ಟಿದರು. ತೆಂಗಿನಕಾಯಿ, ಬದನೆಕಾಯಿ, ಒನಕೆ, ಸೇರು, ಒಂದೊಂದಾಗಿ ಮೇಲೇರಿ ಕೆಳಗೆ ಬಂದವು. ಅಷ್ಟು ಖುಷಿಯಾಗಿ ನಮ್ಮೂರು ಇದ್ದದ್ದು ನಾನು ಮತ್ತೆ ಕಂಡಿಲ್ಲ.

ಚೇರಮನ್ನರು ಬರಿಗಾಲಲ್ಲಿ ಇಳಿದು ಬಂದು, “ಚಲೋ ಐತಿ, ಆದ್ರ ಮಕ್ಕಳ ಮ್ಯಾಲೆ ಬಿದ್ರ?” ಎಂದರು. ನಾನು ತಡೆಯಲಾರದೆ ಹೇಳಿದೆ, “ಬೀಳೂದಿಲ್ರಿ. ನಮ್ಮಪ್ಪ ದಿನಾ ಮುಂಜಾನಿ ಬಂದು ದಾರದ ತೂಗುಗುಂಡು ಇಳಿಬಿಟ್ಟು ಎಷ್ಟು ವಾಲೈತಿ ಅಂತ ನೋಡ್ತಾನ್ರಿ. ಹೋದ ದೀಪಾವಳಿಯಿಂದ ಒಂದ ಗೆರಿನೂ ಸರದಿಲ್ರಿ.”

ಎಲ್ಲರೂ ಹಿಂದಕ್ಕೆ ತಿರುಗಿದರು. ಅಪ್ಪ ಕಂಪೌಂಡಿನ ಬಾಗಿಲಲ್ಲಿ ನಿಂತಿದ್ದ, ಒಳಗೆ ಬಂದಿರಲಿಲ್ಲ. ತನ್ನ ಗುಟ್ಟು ಬಯಲಾದದ್ದಕ್ಕೆ ನನ್ನನ್ನು ಕೆಕ್ಕರಿಸಿ ನೋಡಿದ.

“ಖರೇನೇನೋ ಗೌಂಡಿ?” ಎಂದರು ಚೇರಮನ್ನರು.

“ಹೌದ್ರಿ,” ಎಂದ ಅಪ್ಪ. ಆಮೇಲೆ ಮೆಲ್ಲಗೆ ಒಳಗೆ ಬಂದು ಅಕ್ಕೋರ ಪುಸ್ತಕದೊಳಗೆ ಬಗ್ಗಿದ. ಬಹಳ ಹೊತ್ತು ನೋಡಿದ. “ಇದನ್ನ ಕಟ್ಟಿದ ಗೌಂಡಿ ಹೆಸರೇನ್ರಿ, ಅಕ್ಕೋರ?”

ಅಕ್ಕೋರು ಪುಟದ ಮೇಲೆ ಬೆರಳಾಡಿಸಿದರು. “ಖಾತ್ರಿ ಇಲ್ಲಂತ. ಯಾರು ಅಂತ ತಿಳಿದವರು ಇನ್ನೂ ವಾದಾ ಮಾಡ್ಲಿಕ್ಕೆ ಹತ್ಯಾರ.”

“ಪಾಪ,” ಎಂದ ಅಪ್ಪ. “ಅವನೂ ಹೆಸರು ಕೆತ್ತಿ ಒಗದಿರಬೇಕು.”

ಚೇರಮನ್ನರು ಗೋಪುರದ ಬುಡದಲ್ಲಿ ಹೆಸರು ಕೆತ್ತಿ ತೆಗೆದ ಗುರುತನ್ನು ನೋಡಿದರು, ತಮ್ಮ ಕೆರ ಹುಡುಕಿ ಮೆಟ್ಟಿಕೊಂಡರು. “ಕೆಡವೂದು ಬ್ಯಾಡ. ನೀ ದಿನಾ ನೋಡ್ಕೋತ ಇರು. ಮತ್ತ ನಮ್ಮ ಹಿತ್ತಲ ಗ್ವಾಡಿ ಬಿದ್ದೈತಿ, ಸೋಮವಾರ ಬಾ,” ಎಂದು ಹೋದರು. ನನಗೆ ಅಳು ಬಂತು, ಆದರೂ ನಗುತ್ತಲೇ ಇದ್ದೆ.

ಮರುದಿನ ಅಪ್ಪ ಒಂದು ಬೊಗಸೆ ಸಿಮೆಂಟು ಕಲಸಿ ಆ ಗುರುತಿನ ಮೇಲೆ ಮೆತ್ತಿದ. ಬಾಜೂಕೆ ತೂಗುಗುಂಡು ಇಳಿಬಿಟ್ಟು, ಅದರ ದಾರ ನೋಡಿ ನೋಡಿ ಒಂದೊಂದೇ ಅಕ್ಷರ ಮೊಳೆಯಿಂದ ಬರೆದ. ನಾನು ದೂರ ಹೋಗಿ ನಿಂತು ನೋಡಿದೆ.

“ಅಪ್ಪಾ, ನಿನ್ನ ಹೆಸರು ಸೊಟ್ಟ ಕಾಣಾಕತ್ತೈತಿ.”

ಅವನು ತಿರುಗಿ ಕೂಡ ನೋಡಲಿಲ್ಲ. “ಹೆಸರು ನೆಟ್ಟಗೈತಿ. ಗೋಪುರಕ್ಕ ಹೇಳು.”